ಒಂದು ಹಲ್ಲಿಗೆ ಮೂರು ರಜೆ

ಮೇಲ್ದವಡೆಯ ಮೂಳೆ ಕರಗಿದವರಿಗೆ ಇಂಪ್ಲಾಂಟ್ ಕೂರಿಸುವ ಮೊದಲು ‘ಸೈನಸ್ ಲಿಫ್ಟ್’ ಬೇಕಾಗುತ್ತದೆ. ತಿಂಗಳ ರಜೆಯಲ್ಲಿ ಊರಿಗೆ ಬರುವ ಗಲ್ಫ್ ಕನ್ನಡಿಗರು ಎಡವುವುದು ಇಲ್ಲಿಯೇ.

ಶಾರ್ಜಾದ ನಮ್ಮ ರೂಮಿನಲ್ಲಿ ನಾವು ನಾಲ್ವರು. ಇಬ್ಬರು ಬಂಟ್ವಾಳದ ಕಡೆಯವರು, ಒಬ್ಬರು ಭಟ್ಕಳದವರು, ನಾನು ಕುಂದಾಪುರದವನು. 2021ರಲ್ಲಿ ರಜೆ ಮುಗಿಸಿ ಬಂದ ಮರುದಿನ ಬೆಳಿಗ್ಗೆ ಬಂಟ್ವಾಳದ ಗೆಳೆಯನೊಬ್ಬ ಕರ್ಚೀಫ್ ಹಿಡಿದುಕೊಂಡು ಬಾತ್‌ರೂಮಿನಿಂದ ಹೊರಗೆ ಬಂದ. ಶೀತವಾಗಿತ್ತು, ಜೋರಾಗಿ ಸಿಂಬಳ ತೆಗೆದಿದ್ದ. ಕರ್ಚೀಫಿನಲ್ಲಿ ರಕ್ತದ ಎಳೆಯ ಜೊತೆ ರವೆಯಂಥ ಬಿಳಿ ಕಾಳುಗಳಿದ್ದವು. ‘ಇದೆಂತ ಮಾರಾಯ?’ ಎಂದು ನನ್ನನ್ನೇ ಕೇಳಿದ. ನನಗೂ ಗೊತ್ತಾಗಲಿಲ್ಲ. ಐದು ದಿನದ ಹಿಂದೆ ಊರಿನ ಕ್ಲಿನಿಕ್ಕಿನಲ್ಲಿ ಅವನ ಮೇಲ್ದವಡೆಯೊಳಗೆ ತುಂಬಿಸಿದ್ದ ಮೂಳೆ ಪುಡಿ ಅದು ಎಂದು ಆಮೇಲೆ ತಿಳಿಯಿತು.

ಅವನ ರಜೆ ಮೂವತ್ತು ದಿನದ್ದು. ಮೊದಲ ಹದಿನೈದು ದಿನ ತಂಗಿಯ ಮದುವೆಯ ಓಡಾಟದಲ್ಲೇ ಹೋಯಿತು. ನಂತರ ಹಲ್ಲಿನ ನೆನಪಾಯಿತು. ಒಬ್ಬರ ಹತ್ತಿರ ಹೋದ, ಇನ್ನೊಬ್ಬರ ಹತ್ತಿರ ಹೋದ, ಕೊನೆಗೆ ‘ನೀವು ಹೋಗುವುದರೊಳಗೆ ಮಾಡಿಕೊಡುತ್ತೇವೆ’ ಎಂದವರ ಬಳಿ ಕುಳಿತ. ವಿಮಾನ ಹತ್ತುವುದಕ್ಕೆ ನಾಲ್ಕು ದಿನ ಮೊದಲು ಶಸ್ತ್ರಚಿಕಿತ್ಸೆ ಆಯಿತು. ವಿಮಾನದಲ್ಲಿ ಹೋಗಬಹುದೇ ಎಂದು ಕೇಳಿದ್ದನಂತೆ, ಪರವಾಗಿಲ್ಲ ಎಂದರಂತೆ. ಶಾರ್ಜಾಕ್ಕೆ ಇಳಿಯುವಾಗ ಎಡಗೆನ್ನೆಯಲ್ಲಿ ಮೊಳೆ ಹೊಡೆದ ಹಾಗೆ ನೋವು. ವಾರದೊಳಗೆ ಒಂದೇ ಹೊಳ್ಳೆಯಿಂದ ಕೀವು, ಬಾಯಿ ತುಂಬ ದುರ್ವಾಸನೆ. ಇಲ್ಲಿನ ದಂತ ವೈದ್ಯರು ಬೇರೆಯವರು ಮಾಡಿದ ಕೆಲಸಕ್ಕೆ ಕೈ ಹಾಕಲು ಹಿಂಜರಿದರು. ಕಿವಿ-ಮೂಗು-ಗಂಟಲಿನ ತಜ್ಞರು ಎಂಡೋಸ್ಕೋಪ್ ಹಾಕಿ ಸೈನಸ್ ಸ್ವಚ್ಛ ಮಾಡಬೇಕಾಯಿತು. ಇದರ ಮೂಲ ಹಲ್ಲಿನ ಚಿಕಿತ್ಸೆ ಎಂದು ವಿಮೆಯವರು ಹಣ ಕೊಡಲಿಲ್ಲ. ತುಂಬಿದ್ದ ಮೂಳೆಯೂ ಹೋಯಿತು.

ಇಷ್ಟೆಲ್ಲ ಆಗುವಾಗ ಅವನು ಮನೆಗೆ ಹೇಳಿದ್ದು ಒಂದೇ ಮಾತು: ‘ಸ್ವಲ್ಪ ಶೀತ.’ ಹೆಂಡತಿ ದಿನಾ ರಾತ್ರಿ ವಿಡಿಯೊ ಕಾಲ್ ಮಾಡುವಾಗ ಬಲಗೆನ್ನೆ ಕಾಣುವ ಹಾಗೆ ಫೋನ್ ಹಿಡಿಯುತ್ತಿದ್ದ.

ಮರುವರ್ಷ ಅದೇ ಚಿಕಿತ್ಸೆಯ ಸರದಿ ನನ್ನದಾಯಿತು. ನಾನು ಡಾಕ್ಟರಲ್ಲ, ಕಟ್ಟಡ ಸಾಮಗ್ರಿಯ ಕಂಪನಿಯಲ್ಲಿ ಸ್ಟೋರ್ ಕೀಪರ್. ಆದರೆ ಆ ಕರ್ಚೀಫನ್ನು ನೋಡಿದ್ದರಿಂದ ಪ್ರತಿ ಹೆಜ್ಜೆಗೂ ಪ್ರಶ್ನೆ ಕೇಳಿದೆ. ಕೇಳಿ ತಿಳಿದದ್ದನ್ನು, ಅನುಭವಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೊರದೇಶದಲ್ಲಿ ದುಡಿಯುವ ಮಗ, ಗಂಡ, ಅಣ್ಣ ಇರುವ ಮನೆಗಳಲ್ಲಿ ಇದನ್ನು ಓದಿದರೆ ಒಳ್ಳೆಯದು. ರಜೆಯ ದಿನಗಳನ್ನು ಹಂಚುವವರು ಬಹುಪಾಲು ಮನೆಯವರೇ ತಾನೆ.

ಕಿತ್ತು ಬಿಸಾಡಿದ ಹಲ್ಲು

ನನ್ನ ಮೇಲಿನ ಎಡಬದಿಯ ಎರಡು ದವಡೆ ಹಲ್ಲುಗಳು ಹೋದದ್ದು 2013ರಲ್ಲಿ, ಅದೂ ರಜೆಯಲ್ಲೇ. ಹಲ್ಲು ಉಳಿಸಲು ರೂಟ್ ಕೆನಾಲ್ ಮಾಡಬಹುದಿತ್ತು. ಅದಕ್ಕೆ ಮೂರು ನಾಲ್ಕು ಸಲ ಬರಬೇಕು, ಆಮೇಲೆ ಕ್ಯಾಪ್ ಹಾಕಬೇಕು ಎಂದರು. ನನಗೆ ಉಳಿದಿದ್ದದ್ದು ಎಂಟು ದಿನ. ‘ಕಿತ್ತುಬಿಡಿ ಡಾಕ್ಟ್ರೇ’ ಎಂದೆ. ಗಲ್ಫಿನಲ್ಲಿರುವ ನಮ್ಮಂಥವರ ಬಾಯಿಯಲ್ಲಿರುವ ಅರ್ಧ ಸಂದುಗಳ ಕಥೆ ಇದೇ. ಇಲ್ಲಿ ಕಂಪನಿ ಕೊಡುವ ಮೂಲ ವಿಮೆಯಲ್ಲಿ ಹಲ್ಲಿಗೆ ಬಹಳ ಸಲ ತುರ್ತು ನೋವಿನ ಚಿಕಿತ್ಸೆ ಬಿಟ್ಟರೆ ಬೇರೇನೂ ಇರುವುದಿಲ್ಲ. ಊರಿನಲ್ಲಿ ಸಮಯ ಇರುವುದಿಲ್ಲ. ಕೀಳಿಸುವುದೊಂದೇ ಅಗ್ಗ, ಅದೊಂದೇ ಬೇಗ.

ಒಂಬತ್ತು ವರ್ಷ ಬಲಬದಿಯಲ್ಲೇ ಜಗಿದೆ. 2022ರಲ್ಲಿ ಬಲಗಡೆಯ ಒಂದು ಹಲ್ಲು ಬಿರುಕು ಬಿಟ್ಟಿತು. ಚಪಾತಿ ಜಗಿಯುವುದೂ ಕಷ್ಟವಾದಾಗ ಎಡಕ್ಕೆ ಇಂಪ್ಲಾಂಟ್ ಹಾಕಿಸೋಣ ಎಂದು ಶಾರ್ಜಾದಲ್ಲಿ ವಿಚಾರಿಸಿದೆ. ಎಕ್ಸ್‌ರೇ ತೆಗೆದ ಕೇರಳದ ಡಾಕ್ಟರ್ ಒಂದೇ ಮಾತಿನಲ್ಲಿ ಹೇಳಿದರು: ‘ಹಾಕಲು ಜಾಗವೇ ಇಲ್ಲ.’ ಅವರು ಹೇಳಿದ ದರ ನನ್ನ ಎರಡು ತಿಂಗಳ ಸಂಬಳಕ್ಕಿಂತ ಹೆಚ್ಚಿತ್ತು. ಊರಿನಲ್ಲಿ ಕೇಳಿದಾಗ ಅದರ ಮೂರನೇ ಒಂದು ಭಾಗ ಬಂತು. ಹಾಗಾಗಿ ಆ ನವೆಂಬರಿನ ರಜೆಯನ್ನು ಹಲ್ಲಿಗೆಂದೇ ಇಟ್ಟುಕೊಂಡೆ.

ಉಡುಪಿಯ ದಂತ ಶಸ್ತ್ರಚಿಕಿತ್ಸಕರೊಬ್ಬರು ಸಿಬಿಸಿಟಿ ಸ್ಕ್ಯಾನ್ ಮಾಡಿಸಿ ಪರದೆಯ ಮೇಲೆ ತೋರಿಸಿದರು. ಸಾಮಾನ್ಯ ಎಕ್ಸ್‌ರೇಯಲ್ಲಿ ಚಪ್ಪಟೆಯಾಗಿ ಕಾಣುವ ದವಡೆ ಇದರಲ್ಲಿ ರೊಟ್ಟಿ ಹೋಳು ಮಾಡಿದಂತೆ ಪದರ ಪದರವಾಗಿ ಕಾಣುತ್ತದೆ. ಮೂಳೆಯ ಎತ್ತರ ಅಳೆದರು. ಮೂರು ಮಿಲಿಮೀಟರ್. ಸಾಮಾನ್ಯ ಅಳತೆಯ ಇಂಪ್ಲಾಂಟ್ ನಿಲ್ಲಬೇಕಾದರೆ ಎಂಟರಿಂದ ಹತ್ತು ಮಿಲಿಮೀಟರ್ ಬೇಕು.

ಅವರು ಒಂದು ಕಾಗದದ ಮೇಲೆ ಮಹಡಿ ಮನೆಯ ಚಿತ್ರ ಬಿಡಿಸಿದರು. ಕೆಳಗಿನ ಕೋಣೆ ಬಾಯಿ, ಮೇಲಿನ ಕೋಣೆ ಸೈನಸ್. ನಡುವಿನ ತಾರಸಿಯೇ ಹಲ್ಲು ಕೂರುವ ಮೂಳೆ. ಕೆನ್ನೆಯ ಒಳಗೆ, ಮೇಲಿನ ದವಡೆ ಹಲ್ಲುಗಳ ಬೇರಿನ ನೆತ್ತಿಯ ಮೇಲೆ ಗಾಳಿ ತುಂಬಿದ ಈ ಪೊಳ್ಳು ಕೋಣೆ ಎಲ್ಲರಿಗೂ ಇದೆ. ಹಲ್ಲು ಇರುವ ತನಕ ಜಗಿಯುವ ಒತ್ತಡ ಬಿದ್ದು ತಾರಸಿ ಗಟ್ಟಿಯಾಗಿರುತ್ತದೆ. ಹಲ್ಲು ಕಿತ್ತ ಮೇಲೆ ಆ ಮೂಳೆಗೆ ಕೆಲಸವಿಲ್ಲ. ಕೆಳಗಿನಿಂದ ಒಸಡಿನ ಕಡೆ ಸವೆಯುತ್ತದೆ, ಮೇಲಿನಿಂದ ಸೈನಸ್ ತಾನೇ ಕೆಳಕ್ಕೆ ಹಿಗ್ಗುತ್ತದೆ. ಎರಡೂ ಕಡೆಯಿಂದ ತಿಂದು ತಿಂದು ಕೊನೆಗೆ ಹಂಚಿನಷ್ಟು ತೆಳುವಾಗಿ ಉಳಿಯುತ್ತದೆ. ‘ಒಂಬತ್ತು ವರ್ಷ ಬಾಡಿಗೆಗೆ ಕೊಡದೆ ಖಾಲಿ ಬಿಟ್ಟ ಮನೆ ನಿಮ್ಮದು’ ಎಂದು ನಕ್ಕರು. ನಗು ಬಂತು, ಸ್ವಲ್ಪ ಹೊಟ್ಟೆಯೂ ಉರಿಯಿತು.

ಈ ಕೋಣೆಯನ್ನು 1651ರಲ್ಲಿ ವಿವರವಾಗಿ ಬರೆದಿಟ್ಟವನು ಇಂಗ್ಲೆಂಡಿನ ವೈದ್ಯ ನಥಾನಿಯಲ್ ಹೈಮೋರ್. ವೈದ್ಯರು ಇವತ್ತಿಗೂ ಅದನ್ನು ಅವನ ಹೆಸರಿನಿಂದ ಕರೆಯುವುದುಂಟು. ಅದರ ತಾರಸಿಯನ್ನು ಎತ್ತರಿಸುವ ಉಪಾಯವನ್ನು ಅಮೆರಿಕದ ಹಿಲ್ಟ್ ಟೇಟಮ್ ಎಂಬ ದಂತ ವೈದ್ಯರು 1970ರ ದಶಕದಲ್ಲಿ ಬಳಕೆಗೆ ತಂದರು. 1980ರಲ್ಲಿ ಬಾಯ್ನ್ ಮತ್ತು ಜೇಮ್ಸ್ ಎಂಬಿಬ್ಬರು ಅದರ ಬಗ್ಗೆ ಮೊದಲ ಲೇಖನ ಪ್ರಕಟಿಸಿದರು. ಅಂದರೆ ಇದು ಹೊಸ ಪ್ರಯೋಗವೇನಲ್ಲ, ನಲವತ್ತು ವರ್ಷಕ್ಕಿಂತ ಹೆಚ್ಚು ಕಾಲದಿಂದ ಲೋಕದಲ್ಲೆಲ್ಲ ನಡೆಯುತ್ತಿರುವ ಕೆಲಸ. ಹೀಗೆ ಎತ್ತರಿಸಿದ ಮೂಳೆಯಲ್ಲಿ ಕೂರಿಸಿದ ಇಂಪ್ಲಾಂಟುಗಳಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಹೆಚ್ಚು ಉಳಿಯುತ್ತವೆ ಎಂದು ಡಾಕ್ಟರ್ ಧೈರ್ಯ ಹೇಳಿದರು. ‘ಆದರೆ ಕಾಯಬೇಕು’ ಎಂದು ಸೇರಿಸಿದರು.

ಮೊಟ್ಟೆಯ ಪೊರೆ

ಸೈನಸ್ ಕೋಣೆಯ ಒಳಗೋಡೆಗೆ ಒಂದು ತೆಳು ಪೊರೆ ಇದೆ. ಆರೋಗ್ಯವಂತರಲ್ಲಿ ಅದು ಸಾಮಾನ್ಯವಾಗಿ ಒಂದು ಮಿಲಿಮೀಟರಿಗಿಂತ ತೆಳು. ಬೇಯಿಸಿದ ಮೊಟ್ಟೆಯ ಚಿಪ್ಪು ಸುಲಿಯುವಾಗ ಒಳಗೆ ಸಿಗುವ ಬಿಳಿ ಪೊರೆಯನ್ನು ನೆನಪಿಸಿಕೊಳ್ಳಿ. ಈ ಶಸ್ತ್ರಚಿಕಿತ್ಸೆ ಕಲಿಯುವವರು ಹಸಿ ಮೊಟ್ಟೆಯ ಚಿಪ್ಪನ್ನು ಕೊರೆದು, ಒಳಗಿನ ಪೊರೆ ಹರಿಯದಂತೆ ಬಿಡಿಸಿ ಅಭ್ಯಾಸ ಮಾಡುವುದುಂಟು. ಸೈನಸ್ ಲಿಫ್ಟ್ ಎಂದರೆ ಈ ಪೊರೆಯನ್ನು ಹರಿಯದಂತೆ ಮೇಲಕ್ಕೆತ್ತಿ, ಪೊರೆಗೂ ಹಳೆಯ ಮೂಳೆಗೂ ನಡುವೆ ಆದ ಜಾಗಕ್ಕೆ ಮೂಳೆ ಪುಡಿ ತುಂಬಿಸುವುದು. ಆ ಪುಡಿಯ ಸುತ್ತ ನಿಧಾನವಾಗಿ ನಮ್ಮದೇ ಮೂಳೆ ಬೆಳೆಯುತ್ತದೆ.

ಇದಕ್ಕೆ ಎರಡು ದಾರಿ ಇದೆ. ಐದಾರು ಮಿಲಿಮೀಟರ್ ಮೂಳೆ ಉಳಿದಿದ್ದರೆ ಇಂಪ್ಲಾಂಟಿಗೆಂದು ಕೊರೆದ ರಂಧ್ರದ ಮೂಲಕವೇ ಕೆಳಗಿನಿಂದ ತಾರಸಿಯನ್ನು ಸ್ವಲ್ಪ ಎತ್ತಬಹುದು. 1994ರಲ್ಲಿ ರಾಬರ್ಟ್ ಸಮರ್ಸ್ ಎಂಬವರು ತೋರಿಸಿಕೊಟ್ಟ ವಿಧಾನ ಅದು. ಗಾಯ ಸಣ್ಣದು, ಬಹಳ ಸಲ ಅದೇ ದಿನ ಇಂಪ್ಲಾಂಟನ್ನೂ ಕೂರಿಸುತ್ತಾರೆ. ಮೂಳೆ ಅದಕ್ಕಿಂತ ಕಡಿಮೆಯಿದ್ದರೆ ಒಸಡನ್ನು ಬಿಡಿಸಿ, ದವಡೆಯ ಪಕ್ಕದ ಗೋಡೆಯಲ್ಲಿ ಕಿಟಕಿ ತೆರೆದು ಪೊರೆ ಎತ್ತುತ್ತಾರೆ. ನಾಲ್ಕೈದು ಮಿಲಿಮೀಟರ್ ಇದ್ದರೆ ಇಲ್ಲಿಯೂ ಒಂದೇ ಸಲಕ್ಕೆ ಇಂಪ್ಲಾಂಟ್ ಹಾಕಲು ಬರಬಹುದು. ನನ್ನ ಹಾಗೆ ಮೂರೇ ಇದ್ದರೆ ತಿರುಪು ಹಿಡಿದು ನಿಲ್ಲಲು ಆಧಾರವೇ ಇಲ್ಲ. ಮೊದಲು ಮೂಳೆ, ಆಮೇಲೆ ಇಂಪ್ಲಾಂಟ್, ಕೊನೆಗೆ ಕ್ಯಾಪ್.

ಡಾಕ್ಟರ್ ಲೆಕ್ಕ ಹೇಳಿದರು. ತುಂಬಿದ ಮೂಳೆ ಗಟ್ಟಿಯಾಗಲು ಆರರಿಂದ ಒಂಬತ್ತು ತಿಂಗಳು. ಇಂಪ್ಲಾಂಟ್ ಮೂಳೆಯ ಜೊತೆ ಬೆಸೆದುಕೊಳ್ಳಲು ಇನ್ನೂ ನಾಲ್ಕೈದು ತಿಂಗಳು, ಯಾಕೆಂದರೆ ಮೇಲ್ದವಡೆಯ ಹಿಂಬದಿಯ ಮೂಳೆ ಕೆಳದವಡೆಗಿಂತ ಮೆದು. ಆಮೇಲೆ ಅಳತೆ ತೆಗೆದು ಕ್ಯಾಪ್. ನಾನು ಬೆರಳು ಮಡಚಿ ಎಣಿಸಿದೆ. ಹದಿನಾಲ್ಕು ತಿಂಗಳು. ಊರಿನಲ್ಲೇ ಕೂತು ಕಾಯೋಣವೆಂದರೆ ಆರು ತಿಂಗಳಿಗಿಂತ ಹೆಚ್ಚು ಯುಎಇಯಿಂದ ಹೊರಗಿದ್ದರೆ ನಮ್ಮಂಥವರ ರೆಸಿಡೆನ್ಸಿ ವೀಸಾ ಹೋಗುತ್ತದೆ. ಅದಕ್ಕೂ ಮೊದಲೇ ಕೆಲಸ ಹೋಗಿರುತ್ತದೆ ಬಿಡಿ.

ಬೇರೆ ದಾರಿ ಇಲ್ಲವೇ ಎಂದು ಕೇಳಿದೆ. ಇದೆ ಎಂದು ಅವರೇ ಹೇಳಿದರು, ಅದನ್ನು ಮೆಚ್ಚಬೇಕು. ಅಕ್ಕಪಕ್ಕದ ಹಲ್ಲು ಗಟ್ಟಿಯಿದ್ದರೆ ಅವುಗಳನ್ನು ಅರೆದು ಬ್ರಿಜ್ ಕಟ್ಟಬಹುದು. ನನಗೆ ಹಿಂದೆ ಹಲ್ಲೇ ಇಲ್ಲದ್ದರಿಂದ ಅದು ಆಗುತ್ತಿರಲಿಲ್ಲ. ತೆಗೆದು ಹಾಕುವ ಸೆಟ್ ಹಲ್ಲು ಮಾಡಿಸಬಹುದು, ಖರ್ಚು ಬಹಳ ಕಡಿಮೆ. ಮೂಳೆ ಇನ್ನೂ ಸ್ವಲ್ಪ ಹೆಚ್ಚಿದ್ದರೆ ಆರು ಮಿಲಿಮೀಟರಿನ ಗಿಡ್ಡ ಇಂಪ್ಲಾಂಟ್ ಸಾಕಾಗುತ್ತದೆ. ಮೇಲಿನ ಹಲ್ಲೆಲ್ಲ ಹೋಗಿದ್ದರೆ ಇಂಪ್ಲಾಂಟನ್ನು ಓರೆಯಾಗಿ ಕೂರಿಸುವ, ಕೆನ್ನೆಯ ಎಲುಬಿಗೇ ಹಿಡಿಸುವ ವಿಧಾನಗಳಿವೆ. ತೀರಾ ಕೊನೆಯ ಹಲ್ಲು ಮಾತ್ರ ಹೋಗಿದ್ದರೆ ಏನೂ ಮಾಡದೆ ಬಿಡುವುದೂ ಒಂದು ಉತ್ತರವೇ. ‘ಸೈನಸ್ ಲಿಫ್ಟ್ ಒಂದೇ ದಾರಿ’ ಎಂದು ಮೊದಲ ದಿನವೇ ಹೇಳುವವರ ಬಳಿ ಸ್ಕ್ಯಾನ್ ತೋರಿಸಿ ಎಷ್ಟು ಮಿಲಿಮೀಟರ್ ಇದೆ ಎಂದು ಕೇಳಿ. ಆ ಒಂದು ಅಂಕಿಯ ಮೇಲೆ ಮುಂದಿನದೆಲ್ಲ ನಿಂತಿದೆ.

‘ಅದು ಯಾವುದರ ಎಲುಬು ಮಗಾ?’

ಮನೆಗೆ ಬಂದು ಅಮ್ಮನಿಗೆ ವಿವರಿಸಿದೆ. ಎಲ್ಲ ಕೇಳಿ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: ‘ಅದು ಯಾವುದರ ಎಲುಬು ಮಗಾ?’

ಒಳ್ಳೆಯ ಪ್ರಶ್ನೆ. ಅಷ್ಟೆಲ್ಲ ಕೇಳಿಕೊಂಡು ಬಂದಿದ್ದ ನನಗೆ ಇದು ಹೊಳೆದಿರಲಿಲ್ಲ. ಮರುದಿನ ಹೋಗಿ ಕೇಳಿದೆ. ಹೆಚ್ಚು ಬಳಕೆಯಲ್ಲಿರುವುದು ದನದ ಮೂಳೆಯಿಂದ ಮಾಡಿದ್ದು. ಅದರೊಳಗಿನ ಕೊಬ್ಬು, ಪ್ರೋಟೀನು ಎಲ್ಲವನ್ನೂ ತೆಗೆದು ಬರೀ ಖನಿಜದ ಹಂದರವನ್ನು ಉಳಿಸಿ ಪುಡಿ ಮಾಡಿರುತ್ತಾರೆ. ಹಂದಿಯ ಮೂಳೆಯದ್ದೂ ಇದೆ. ದಾನವಾಗಿ ಬಂದ ಮನುಷ್ಯರ ಮೂಳೆಯನ್ನು ಸಂಸ್ಕರಿಸಿದ್ದೂ ಇದೆ. ರೋಗಿಯದೇ ದವಡೆಯಿಂದ ಕೆರೆದು ತೆಗೆದ ಮೂಳೆ ಇದೆ. ಪೂರ್ತಿ ಕೃತಕವಾದ, ಕ್ಯಾಲ್ಸಿಯಂ ಫಾಸ್ಫೇಟಿನಿಂದ ಮಾಡಿದ ಪುಡಿಯೂ ಇದೆ. ಮೇಲೆ ಹೊದಿಸುವ ಕೊಲಾಜೆನ್ ಹಾಳೆಗೂ ಇದೇ ಪ್ರಶ್ನೆ ಕೇಳಬೇಕು, ಅದೂ ದನದ್ದೋ ಹಂದಿಯದ್ದೋ ಆಗಿರಬಹುದು. ಯಾವುದನ್ನು ಹಾಕಿದರೂ ಇಂಪ್ಲಾಂಟ್ ಉಳಿಯುವ ವಿಷಯದಲ್ಲಿ ದೊಡ್ಡ ವ್ಯತ್ಯಾಸವಿಲ್ಲ, ಮೂಳೆ ಕಟ್ಟುವ ವೇಗದಲ್ಲಿ ಸ್ವಲ್ಪ ಹೆಚ್ಚುಕಡಿಮೆ ಇದೆ ಎಂದರು ಡಾಕ್ಟರ್. ನಾನು ಕೃತಕ ಪುಡಿ ಆರಿಸಿಕೊಂಡೆ. ಅದರ ಜೊತೆ ನನ್ನದೇ ಕೈಯ ರಕ್ತ ತೆಗೆದು, ಯಂತ್ರದಲ್ಲಿ ತಿರುಗಿಸಿ ಮಾಡಿದ ಹಳದಿ ಜೆಲ್ಲಿಯಂಥ ಪೊರೆಯನ್ನೂ ಸೇರಿಸಿದರು.

ಇದನ್ನು ಶಾರ್ಜಾದಲ್ಲಿ ಹೇಳಿದಾಗ ಭಟ್ಕಳದ ಗೆಳೆಯ ಬೆಚ್ಚಿಬಿದ್ದರು. ಅವರ ಅಣ್ಣನಿಗೆ ಹಿಂದಿನ ವರ್ಷ ಇದೇ ಚಿಕಿತ್ಸೆ ಆಗಿತ್ತು, ಯಾವ ಪುಡಿ ಎಂದು ಯಾರೂ ಕೇಳಿರಲಿಲ್ಲ, ಯಾರೂ ಹೇಳಿಯೂ ಇರಲಿಲ್ಲ. ತಿನ್ನುವುದರಲ್ಲಿ ನಿಯಮ ಇಟ್ಟುಕೊಂಡವರು, ಅದು ಯಾವ ಧರ್ಮದ ನಿಯಮವೇ ಇರಲಿ, ಮೊದಲೇ ಕೇಳಬೇಕು. ಸಂಕೋಚ ಬೇಡ. ಡಬ್ಬಿಯ ಮೇಲೆ ಎಲ್ಲ ಬರೆದಿರುತ್ತದೆ.

ಒಂದು ಗಂಟೆ, ಹದಿನೈದು ದಿನ

ಊರಿಗೆ ಬಂದ ಆರನೇ ದಿನ ನನ್ನ ಶಸ್ತ್ರಚಿಕಿತ್ಸೆ. ಒಸಡಿಗೆ ಮರಗಟ್ಟಿಸುವ ಇಂಜೆಕ್ಷನ್ ಮಾತ್ರ, ಪೂರ್ತಿ ಎಚ್ಚರ ಇತ್ತು. ಮೂಳೆಯನ್ನು ಕೊರೆದು ಪೊರೆಯನ್ನು ಸುಲಭಕ್ಕೆ ಹರಿಯದ ಕಂಪನದ ಯಂತ್ರವೊಂದಿದೆ, ಅದರಿಂದ ಕಿಟಕಿ ತೆರೆದರು. ನೋವಿಲ್ಲ, ಆದರೆ ತಲೆಬುರುಡೆಯೊಳಗೆ ನೀರು ಚಿಮ್ಮುತ್ತಾ ಜೀರುಂಡೆ ಕೂಗಿದ ಹಾಗೆ. ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು ಹಿಡಿಯಿತು. ಪೊರೆ ಹರಿಯುವುದು ಈ ಶಸ್ತ್ರಚಿಕಿತ್ಸೆಯ ಅತಿ ಸಾಮಾನ್ಯ ತೊಡಕು. ಅದು ಅಪರೂಪವಲ್ಲ, ಸರಿಸುಮಾರು ಐದರಲ್ಲಿ ಒಬ್ಬರಿಗೆ ಆಗಬಹುದು ಎಂದು ಮೊದಲೇ ಹೇಳಿದ್ದರು. ಸಣ್ಣ ಹರಕಾದರೆ ಹಾಳೆ ಹೊದಿಸಿ ಮುಂದುವರಿಯುತ್ತಾರೆ. ದೊಡ್ಡದಾದರೆ ಮುಚ್ಚಿ ಹೊಲಿದು ಕೆಲವು ತಿಂಗಳು ಬಿಟ್ಟು ಮತ್ತೆ ಮಾಡುತ್ತಾರೆ. ಹಾಗೆ ನಿಲ್ಲಿಸುವ ವೈದ್ಯರ ಮೇಲೆ ಸಿಟ್ಟಾಗಬೇಡಿ. ರೋಗಿಗೆ ಟಿಕೆಟ್ ಇದೆ ಎಂದು ಹರಿದ ಪೊರೆಯ ಮೇಲೇ ಪುಡಿ ತುಂಬುವವರಿಗಿಂತ ಅವರು ವಾಸಿ.

ಮೂರು ದಿನ ಕೆನ್ನೆ ಊದಿತು, ಕಣ್ಣಿನ ಕೆಳಗೆ ನೀಲಿ ಬಂತು. ಮೊದಲ ದಿನ ಮೂಗಿನಿಂದ ನಾಲ್ಕು ಹನಿ ರಕ್ತ ಬಂದಾಗ ಹೆಂಡತಿ ಗಾಬರಿಯಾದಳು. ಒಂದೆರಡು ದಿನ ಅಷ್ಟು ಬರಬಹುದು ಎಂದು ಡಾಕ್ಟರ್ ಫೋನಿನಲ್ಲಿ ಸಮಾಧಾನ ಹೇಳಿದರು.

ಕಷ್ಟವಾದದ್ದು ಅದಲ್ಲ, ನಿಯಮಗಳು. ಮೂಗಿನಲ್ಲಿ ಸಿಂಬಳ ತೆಗೆಯುವ ಹಾಗಿಲ್ಲ, ಮೆಲ್ಲಗೆ ಒರೆಸಿಕೊಳ್ಳಬೇಕು. ಸೀನು ಬಂದರೆ ತಡೆಯುವ ಹಾಗಿಲ್ಲ, ಬಾಯಿ ಅಗಲ ತೆರೆದು ಸೀನಬೇಕು. ಎರಡು ದಿಂಬು ಇಟ್ಟು ತಲೆ ಎತ್ತರಿಸಿ ಮಲಗಬೇಕು. ಬಗ್ಗಿ ಭಾರ ಎತ್ತುವುದು, ಈಜುವುದು, ಕಪಾಲಭಾತಿ, ಶಂಖ ಊದುವುದು, ಬೆಲೂನು ಊದುವುದು, ನಶ್ಯ, ಸಿಗರೇಟು ಎಲ್ಲ ನಿಷಿದ್ಧ. ಸ್ಟ್ರಾ ಹಾಕಿ ಹೀರುವುದೂ ಇಲ್ಲ. ಊರಿಗೆ ಬಂದವನಿಗೆ ಬೊಂಡ ಕುಡಿಯಲು ನಾಲ್ಕು ಮನೆಯಿಂದ ಕರೆ. ಎಲ್ಲ ಕಡೆ ಲೋಟಕ್ಕೆ ಸುರಿಸಿಕೊಂಡು ಕುಡಿದೆ. ಒಂದು ಮನೆಯಲ್ಲಿ ‘ದುಬೈಗೆ ಹೋದ ಮೇಲೆ ಬೊಂಡವೂ ಲೋಟದಲ್ಲೇ ಆಗಬೇಕಾ?’ ಎಂದು ಮಾವ ಕಿಚಾಯಿಸಿದರು. ಇವೆಲ್ಲದರ ಕಾರಣ ಒಂದೇ. ಮೂಗಿನಲ್ಲೋ ಬಾಯಿಯಲ್ಲೋ ಒತ್ತಡ ಏರಿದರೆ ಅದು ನೇರ ಸೈನಸ್ಸಿಗೆ ಹೋಗಿ, ಇನ್ನೂ ಹಸಿಯಾಗಿರುವ ಪೊರೆಯನ್ನು ಒದ್ದು, ತುಂಬಿದ ಪುಡಿಯನ್ನು ಕದಲಿಸುತ್ತದೆ.

ವಿಮಾನದ ತೊಂದರೆಯೂ ಅದೇ. ವಿಮಾನ ಮೇಲೇರಿದ ಮೇಲೆ ಒಳಗಿನ ಗಾಳಿಯ ಒತ್ತಡ ಆರರಿಂದ ಎಂಟು ಸಾವಿರ ಅಡಿ ಎತ್ತರದಲ್ಲಿ ಇರುವಷ್ಟಕ್ಕೆ ಇಳಿಯುತ್ತದೆ. ಮುಳ್ಳಯ್ಯನಗಿರಿಯ ತುದಿಯಷ್ಟೋ ಅದಕ್ಕಿಂತ ಹೆಚ್ಚೋ ಎನ್ನಿ. ಚಿಪ್ಸ್ ಪೊಟ್ಟಣ ಉಬ್ಬುವುದನ್ನು ಎಲ್ಲರೂ ನೋಡಿರುತ್ತೀರಿ. ಸೈನಸ್ಸಿನೊಳಗಿನ ಗಾಳಿಯೂ ಹಾಗೆಯೇ ಹಿಗ್ಗುತ್ತದೆ, ಇಳಿಯುವಾಗ ಕುಗ್ಗುತ್ತದೆ. ಮಾಮೂಲಿ ದಿನಗಳಲ್ಲಿ ಮೂಗಿನ ಕಡೆಗಿರುವ ಸಣ್ಣ ಬಾಗಿಲಿನಿಂದ ಗಾಳಿ ಹೋಗಿ ಬಂದು ಸರಿಹೊಂದುತ್ತದೆ. ಶಸ್ತ್ರಚಿಕಿತ್ಸೆಯ ಬಾವಿನಲ್ಲೋ ಶೀತದಲ್ಲೋ ಆ ಬಾಗಿಲು ಮುಚ್ಚಿದ್ದರೆ ಒತ್ತಡ ಒಳಗೇ ಉಳಿಯುತ್ತದೆ. ಕಡಿಮೆಯೆಂದರೆ ಎರಡು ವಾರ ವಿಮಾನ ಬೇಡ, ಪೊರೆ ಹರಿದಿದ್ದರೆ ಇನ್ನೂ ಹೆಚ್ಚು ದಿನ ಎಂದು ನನ್ನ ಡಾಕ್ಟರ್ ಕಡ್ಡಿ ಮುರಿದಂತೆ ಹೇಳಿದ್ದರು. ನಾನು ಇಪ್ಪತ್ತನಾಲ್ಕನೇ ದಿನ ಹತ್ತಿದೆ. ಅಷ್ಟಾದರೂ ಇಳಿಯುವಾಗ ಕಣ್ಣು ಮುಚ್ಚಿ ಕುಳಿತಿದ್ದೆ. ಏನೂ ಆಗಲಿಲ್ಲ.

ಆ ಇಪ್ಪತ್ತನಾಲ್ಕು ದಿನ ಸಿಕ್ಕಿದ್ದು ಶಸ್ತ್ರಚಿಕಿತ್ಸೆ ರಜೆಯ ಮೊದಲ ವಾರದಲ್ಲೇ ಆದದ್ದರಿಂದ. ನಮ್ಮಲ್ಲಿ ಪದ್ಧತಿ ಇದಕ್ಕೆ ತದ್ವಿರುದ್ಧ. ಬಂದ ಮೊದಲ ವಾರ ನೆಂಟರು, ಎರಡನೆಯ ವಾರ ದೇವಸ್ಥಾನ, ಮೂರನೆಯ ವಾರ ಬ್ಯಾಂಕು ಮತ್ತು ಜಾಗದ ಕಾಗದಪತ್ರ, ಕೊನೆಯ ವಾರ ಡಾಕ್ಟರು. ಈ ಸಲ ನಾನು ಬಂದ ಮರುದಿನ ಬೆಳಿಗ್ಗೆಯೇ ಸ್ಕ್ಯಾನಿಗೆ ಹೋದಾಗ ಅಕ್ಕನಿಗೆ ಬೇಜಾರಾಯಿತು, ‘ಮಕ್ಕಳು ಕಾಯ್ತಾ ಇದ್ವು’ ಎಂದಳು. ಅವಳ ಮನೆಗೆ ಊದಿದ ಕೆನ್ನೆಯಲ್ಲೇ ಹೋಗಿ ಗಂಜಿ ಉಂಡು ಬಂದೆ.

ಕಾಗದ ಪತ್ರ

ಎರಡನೇ ಸಲ ಊರಿಗೆ ಹೋದದ್ದು 2023ರ ಆಗಸ್ಟಿನಲ್ಲಿ, ಮಳೆಗಾಲದಲ್ಲಿ, ಹನ್ನೆರಡೇ ದಿನಕ್ಕೆ. ಮ್ಯಾನೇಜರ್ ಒಳ್ಳೆಯವರು, ರಜೆಯನ್ನು ಎರಡು ತುಂಡು ಮಾಡಿಕೊಳ್ಳಲು ಒಪ್ಪಿದರು. ಹೊಸ ಸ್ಕ್ಯಾನಿನಲ್ಲಿ ಮೂರು ಇದ್ದದ್ದು ಹನ್ನೊಂದು ಮಿಲಿಮೀಟರ್ ಆಗಿತ್ತು. ಎರಡು ಇಂಪ್ಲಾಂಟ್ ಕೂರಿಸುವುದು ಮೂಳೆ ತುಂಬಿದ್ದಕ್ಕಿಂತ ಎಷ್ಟೋ ಸುಲಭವಾಗಿ ಮುಗಿಯಿತು. ಎಂಟನೇ ದಿನ ಹೊಲಿಗೆ ತೆಗೆದರು. 2024ರ ಜನವರಿಯಲ್ಲಿ ಹತ್ತು ದಿನಕ್ಕೆ ಹೋಗಿ ಅಳತೆ ಕೊಟ್ಟು ಕ್ಯಾಪ್ ಹಾಕಿಸಿಕೊಂಡೆ. ವಿಮಾನದ ಟಿಕೆಟ್ಟುಗಳನ್ನು ಸೇರಿಸಿದರೆ ಊರು ಅಗ್ಗ ಎಂಬ ಲೆಕ್ಕ ಅಷ್ಟೇನೂ ಸರಿಹೋಗುವುದಿಲ್ಲ. ಆದರೂ ಮೂರು ಸಲ ಮನೆಯವರ ಮುಖ ನೋಡಿದ್ದನ್ನು ಯಾವ ಖಾತೆಗೆ ಬರೆಯುವುದು?

ಒಂದು ಕೆಲಸ ಮಾತ್ರ ತಪ್ಪದೆ ಮಾಡಿದೆ. ಪ್ರತಿ ಸಲ ಹೊರಡುವಾಗ ಸ್ಕ್ಯಾನನ್ನು ಪೆನ್‌ಡ್ರೈವಿನಲ್ಲಿ, ಮಾಡಿದ ಕೆಲಸದ ವಿವರವನ್ನು ಡಾಕ್ಟರ ಲೆಟರ್‌ಹೆಡ್ಡಿನಲ್ಲಿ ಕೇಳಿ ಪಡೆದೆ. ಮೂಳೆ ಪುಡಿಯ ಡಬ್ಬಿಯಲ್ಲಿ, ಇಂಪ್ಲಾಂಟಿನ ಡಬ್ಬಿಯಲ್ಲಿ ಕಂಪನಿಯ ಹೆಸರು, ಅಳತೆ, ಬ್ಯಾಚ್ ನಂಬರಿನ ಸ್ಟಿಕ್ಕರ್ ಇರುತ್ತದೆ. ಅದನ್ನು ಒಂದು ಕಾರ್ಡಿಗೆ ಅಂಟಿಸಿ ಕೊಡುತ್ತಾರೆ. ಇಂಪ್ಲಾಂಟಿನ ತಿರುಪುಗಳು ಕಂಪನಿಯಿಂದ ಕಂಪನಿಗೆ ಬೇರೆ. ನಾಳೆ ಶಾರ್ಜಾದಲ್ಲೋ ಮಸ್ಕತ್‌ನಲ್ಲೋ ಕ್ಯಾಪ್ ಸಡಿಲವಾದರೆ ಆ ಕಾರ್ಡ್ ಇಲ್ಲದೆ ಯಾರಿಗೂ ಅದನ್ನು ಬಿಗಿ ಮಾಡುವ ಸಲಕರಣೆ ಯಾವುದೆಂದು ತಿಳಿಯುವುದಿಲ್ಲ. ನನ್ನ ಗೆಳೆಯನ ಕೈಯಲ್ಲಿ ಇದ್ದದ್ದು ಒಂದು ಬಿಲ್ ಮತ್ತು ಮಾತ್ರೆಯ ಚೀಟಿ. ಇಲ್ಲಿನ ವೈದ್ಯರು ಹಿಂಜರಿದದ್ದಕ್ಕೆ ಅದೂ ಒಂದು ಕಾರಣ.

ಹಣದ ವಿಷಯ ಹೇಳುವುದಾದರೆ, ಮಣಿಪಾಲ, ಮಂಗಳೂರು, ದೇರಳಕಟ್ಟೆ, ಧಾರವಾಡ, ಬೆಂಗಳೂರುಗಳಲ್ಲಿ ದಂತ ವೈದ್ಯಕೀಯ ಕಾಲೇಜುಗಳಿವೆ. ಕಾಲೇಜು ಆಸ್ಪತ್ರೆಗಳಲ್ಲಿ ದರ ಸಾಮಾನ್ಯವಾಗಿ ಖಾಸಗಿ ಕ್ಲಿನಿಕ್ಕಿಗಿಂತ ಕಡಿಮೆ, ಆದರೆ ಸರದಿ ಉದ್ದ. ರಜೆಯ ತಾರೀಕು ಗೊತ್ತಾದ ಕೂಡಲೇ ಮನೆಯವರು ಯಾರಾದರೂ ಹೋಗಿ ವಿಚಾರಿಸಿ ದಿನ ಗೊತ್ತು ಮಾಡಿಟ್ಟರೆ ಅಲ್ಲಿಯೂ ಆಗುತ್ತದೆ. ಸ್ಕ್ಯಾನನ್ನು ಮಾತ್ರ ಹೊರದೇಶದಲ್ಲೇ ಮಾಡಿಸಿ ಮುಂಚಿತವಾಗಿ ಕಳಿಸಿದರೆ ಒಂದು ವಾರ ಉಳಿಯುತ್ತದೆ. ಬ್ರಿಟನ್, ಅಮೆರಿಕದಿಂದ ಬರುವವರಿಗೂ ಇದೇ ಮಾತು. ಅವರ ವಿಮಾನ ಇನ್ನೂ ಉದ್ದದ್ದು.

ಮಕ್ಕಳು ಕಳಿಸಿದ ಹಣದಲ್ಲಿ ಊರಿನ ಹಿರಿಯರು ಈ ಚಿಕಿತ್ಸೆ ಮಾಡಿಸಿಕೊಳ್ಳುವುದೂ ಹೆಚ್ಚುತ್ತಿದೆ. ನನ್ನ ಕ್ಯಾಪ್ ನೋಡಿ ಅಮ್ಮನಿಗೂ ಆಸೆಯಾಯಿತು. ಅವರನ್ನು ಕರೆದುಕೊಂಡು ಹೋದಾಗ ಡಾಕ್ಟರ್ ಬಾಯಿ ನೋಡುವುದಕ್ಕೂ ಮೊದಲು ಮಾತ್ರೆಗಳ ಪಟ್ಟಿ ಕೇಳಿದರು. ಸಕ್ಕರೆ ಹತೋಟಿಯಲ್ಲಿದೆಯೇ, ರಕ್ತ ತೆಳು ಮಾಡುವ ಮಾತ್ರೆ ಇದೆಯೇ ಎಂದರು. ಅಮ್ಮ ಎಲ್ಲಕ್ಕೂ ಉತ್ತರ ಕೊಟ್ಟರು. ‘ಮೂಳೆ ಸವೆತಕ್ಕೆ ವರ್ಷಕ್ಕೊಂದು ಡ್ರಿಪ್ ಏನಾದರೂ ಹಾಕಿಸಿಕೊಳ್ಳುತ್ತೀರಾ?’ ಎಂದು ಕೇಳಿದಾಗ ಹೌದು ಎಂದರು. ನನಗೆ ಅದು ಗೊತ್ತೇ ಇರಲಿಲ್ಲ. ಅಂಥ ಔಷಧ ತೆಗೆದುಕೊಂಡವರಲ್ಲಿ ದವಡೆ ಕೊರೆದರೆ ಗಾಯ ಮಾಯದೆ ಮೂಳೆ ಕೊಳೆಯುವ ಅಪಾಯ, ಕಡಿಮೆಯಾದರೂ, ಇದೆಯಂತೆ. ಡ್ರಿಪ್ ಹಾಕಿದ ಡಾಕ್ಟರ ಜೊತೆ ಮಾತನಾಡಿದ ಮೇಲೆ ಇವರು ಸೆಟ್ ಹಲ್ಲೇ ಸಾಕು ಎಂದರು. ಅಮ್ಮನಿಗೆ ನಿರಾಸೆಯಾಯಿತು. ನನಗೆ ಆದದ್ದು ಬೇರೆ: ವರ್ಷ ವರ್ಷ ಅಮ್ಮನ ಔಷಧಕ್ಕೆ ದುಡ್ಡು ಕಳಿಸುತ್ತಿದ್ದೆ, ಯಾವ ಔಷಧ ಎಂದು ಒಮ್ಮೆಯೂ ಕೇಳಿರಲಿಲ್ಲ.

ಕ್ಯಾಪ್ ಹಾಕಿಸಿಕೊಂಡ ಮರುವಾರ ಶಾರ್ಜಾಕ್ಕೆ ಚಕ್ಕುಲಿ ತಂದಿದ್ದೆ. ರೂಮಿನಲ್ಲಿ ಕುಳಿತು ಎಡಬದಿಯಲ್ಲಿ ಕರಕರ ಎಂದು ಅಗಿದು ತೋರಿಸಿದೆ. ಬಂಟ್ವಾಳದ ಗೆಳೆಯ ಬಹಳ ಹೊತ್ತು ನೋಡಿ, ಸ್ಕ್ಯಾನಿಗೆ ಎಷ್ಟಾಯಿತು, ಎಷ್ಟು ದಿನ ಬೇಕು ಎಂದು ಕೇಳಿದ. ಅವನ ಸೈನಸ್ ಗುಣವಾಗಿದೆ, ಮತ್ತೊಮ್ಮೆ ಪ್ರಯತ್ನಿಸಬಹುದು ಎಂದು ತಜ್ಞರು ಹೇಳಿದ್ದಾರೆ. ಮೊದಲು ಮನೆಯಲ್ಲಿ ಹೇಳು ಎಂದೆ. ಹೇಳಲು ಅವನಿಗೆ ಮೂರು ವಾರ ಹಿಡಿಯಿತು. ಆಮೇಲೆ ಅವನ ಹೆಂಡತಿ ನನ್ನ ಹೆಂಡತಿಗೆ ಫೋನ್ ಮಾಡಿ ಒಂದು ಗಂಟೆ ಮಾತನಾಡಿದರಂತೆ, ಎಲ್ಲ ಬರೆದುಕೊಂಡರಂತೆ. ಅವನ ಮುಂದಿನ ರಜೆಯ ವಾಪಸ್ ಟಿಕೆಟ್ ತೆಗೆಯುವುದು ಈ ಸಲ ಅವರೇ.